ಆರು ವರ್ಷದ ಹೇಂಟೆಯ ಹೊಟ್ಟೆ ಉಬ್ಬಿದೆ, ನಾಲ್ಕು ದಿನದಿಂದ ಮೇವು ಮುಟ್ಟಿಲ್ಲ: ಮನೆಯಲ್ಲಿ ಏನು ಮಾಡಬಹುದು?

ಹಿತ್ತಲಮನೆ, ಧಾಯರಿ (ಪುಣೆ) – ಜನವರಿ 9, ರಾತ್ರಿ 10:40

ಎಲ್ಲರಿಗೂ ನಮಸ್ಕಾರ. ನಾವು ಮೂಲತಃ ಧಾರವಾಡದ ಕಡೆಯವರು. ಪುಣೆಯ ಧಾಯರಿಯಲ್ಲಿರುವ ನಮ್ಮ ಮನೆಯ ಹಿತ್ತಲಲ್ಲಿ ಮೂರು ಹೇಂಟೆಗಳನ್ನು ಸಾಕಿದ್ದೇವೆ. ಎರಡು ಜವಾರಿ, ಮೂರನೆಯದು ಫಾರಂ ತಳಿಯ ಕಂದು ಹೇಂಟೆ, ಹೆಸರು ಗೌರಿ. ಆರು ವರ್ಷಗಳ ಹಿಂದೆ ಬುಟ್ಟಿಯಲ್ಲಿ ಮರಿ ಮಾರುತ್ತ ಬಂದವನಿಂದ ನನ್ನ ಅತ್ತೆಯವರು ಕೊಂಡ ಮರಿ ಅದು. ಮೊದಲ ಎರಡು ವರ್ಷ ಹೆಚ್ಚುಕಡಿಮೆ ದಿನವೂ ತತ್ತಿ ಇಟ್ಟಿತು, ಆಮೇಲೆ ಕಡಿಮೆಯಾಗುತ್ತ ಬಂದು ಈ ದೀಪಾವಳಿಯ ನಂತರ ಪೂರ್ತಿ ನಿಂತಿತು. ಕೊನೆಯದಾಗಿ ಇಟ್ಟದ್ದು ಚಿಪ್ಪಿಲ್ಲದ, ತೊಗಲಿನಂಥ ಮೆತ್ತನೆಯ ತತ್ತಿ.

ಕಳೆದ ನಾಲ್ಕು ದಿನಗಳಿಂದ ಅದು ಮೇವು ಮುಟ್ಟುತ್ತಿಲ್ಲ, ನೀರನ್ನು ಮಾತ್ರ ಆಗಾಗ ಕುಡಿಯುತ್ತದೆ. ಬಾಲ ನೆಲಕ್ಕೆ ತಾಗುವಂತೆ ಹಿಂದಕ್ಕೆ ವಾಲಿ, ಎದೆ ಮೇಲೆತ್ತಿ, ಪೆಂಗ್ವಿನ್ ಹಕ್ಕಿಯ ಹಾಗೆ ನೆಟ್ಟಗೆ ನಿಲ್ಲುತ್ತದೆ. ಕಾಲುಗಳ ನಡುವೆ ಹೊಟ್ಟೆ ಉಬ್ಬಿದ್ದು, ನೀರು ತುಂಬಿದ ಚೀಲದಂತೆ ಕೈಗೆ ಸಿಗುತ್ತದೆ. ಜುಟ್ಟಿನ ಕೆಂಪು ಮಾಸಿ ತುದಿಗಳು ನೇರಳೆ ಬಣ್ಣಕ್ಕೆ ತಿರುಗಿವೆ. ಹಿಕ್ಕೆ ನೀರಾಗಿ, ಹಸಿರು ಮಿಶ್ರಿತ ಬಿಳಿಯಾಗಿ ಹಿಂಭಾಗದ ಗರಿಗಳಿಗೆ ಮೆತ್ತಿಕೊಂಡಿದೆ. ವಿಚಿತ್ರವೆಂದರೆ ಅಡುಗೆಮನೆಯ ತಕ್ಕಡಿಯಲ್ಲಿ ತೂಗಿದಾಗ ತೂಕ ಕಡಿಮೆಯಾಗಿರಲಿಲ್ಲ, ಎರಡು ಕಿಲೋ ನೂರು ಗ್ರಾಂ ಇತ್ತು. ಉಳಿದೆರಡು ಕೋಳಿಗಳು ಆರೋಗ್ಯವಾಗಿವೆ.

ಹತ್ತಿರದ ಒಂದು ಪ್ರಾಣಿ ಚಿಕಿತ್ಸಾಲಯಕ್ಕೆ ಕರೆದೊಯ್ದಾಗ, ತಾವು ನಾಯಿ ಬೆಕ್ಕುಗಳನ್ನು ಮಾತ್ರ ನೋಡುವುದೆಂದು ಹೇಳಿ ಬಾಗಿಲಲ್ಲೇ ಹಿಂದಕ್ಕೆ ಕಳುಹಿಸಿದರು. ನೆರೆಯವರು ಕೊಯ್ದುಬಿಡಿ ಎನ್ನುತ್ತಾರೆ, ಇನ್ನೊಬ್ಬರು ಹರಳೆಣ್ಣೆ ಕುಡಿಸಿ ಎನ್ನುತ್ತಾರೆ. ಎಪ್ಪತ್ತನಾಲ್ಕು ವರ್ಷದ ಅತ್ತೆಯವರು ಬೆಳಗಿನಿಂದ ಅದರ ಪಕ್ಕ ಮಣೆ ಹಾಕಿಕೊಂಡು ಕುಳಿತಿದ್ದಾರೆ. ಇದು ವಾಸಿಯಾಗುವ ಕಾಯಿಲೆಯೋ ಅಲ್ಲವೋ ಎಂಬುದನ್ನು ತಿಳಿಯುವುದು ಹೇಗೆ? ವಾಸಿಯಾಗದಿದ್ದರೆ, ನೋವನ್ನು ಬಾಯಿಬಿಟ್ಟು ತೋರಿಸದ ಈ ಪ್ರಾಣಿಗೆ ಸಾಕಾಗಿದೆ ಎಂಬುದನ್ನು ನಾವು ಯಾವುದರಿಂದ ಅರಿಯಬೇಕು?

ಬೆಳಚು, ಫೋಂಡಾ (ಗೋವೆ) – ಜನವರಿ 9, ರಾತ್ರಿ 11:25

ರೋಗ ಯಾವುದೆಂಬ ಪ್ರಶ್ನೆಯನ್ನು ವೈದ್ಯರಿಗೆ ಬಿಟ್ಟು ಈ ರಾತ್ರಿ ಮಾಡಬೇಕಾದುದನ್ನು ಮೊದಲು ಹೇಳುತ್ತೇನೆ. ಅಂಕೋಲೆಯ ತವರಿನಲ್ಲೂ ಇಲ್ಲಿಯೂ ಸೇರಿ ಮೂವತ್ತು ವರ್ಷಗಳಿಂದ ಕೋಳಿಗಳ ನಡುವೆಯೇ ಇದ್ದೇನೆ. ಕಾಯಿಲೆಯ ಕೋಳಿಗೆ ಮೊದಲು ತಿನ್ನಿಸಲು ಹೋಗಿ ಕಳೆದುಕೊಂಡವರನ್ನು ನಾನು ಬಹಳ ನೋಡಿದ್ದೇನೆ, ಆರಂಭದಲ್ಲಿ ನಾನೂ ಹಾಗೆಯೇ ಕಳೆದುಕೊಂಡಿದ್ದೇನೆ. ಮೊದಲು ಬಿಸಿ, ನಂತರ ನೀರು, ಅದೂ ಒಗ್ಗಿದ ಮೇಲೆ ಮೇವು. ಈ ಅನುಕ್ರಮವನ್ನು ತಪ್ಪಿಸಬೇಡಿ.

ಕೋಳಿಯ ಮೈಯ ಸಹಜ ಶಾಖ 41 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲಿರುತ್ತದೆ. ಉಪವಾಸವಿರುವ ಹಕ್ಕಿಗೆ ಅಷ್ಟು ಶಾಖವನ್ನು ಉಳಿಸಿಕೊಳ್ಳುವುದೇ ದೊಡ್ಡ ದುಡಿಮೆಯಾಗುತ್ತದೆ, ಪುಣೆಯಲ್ಲಂತೂ ಜನವರಿಯ ರಾತ್ರಿಗಳು ಹತ್ತು ಡಿಗ್ರಿಗಿಂತ ಕೆಳಗಿಳಿಯುವುದುಂಟು. ಆದ್ದರಿಂದ ಗೌರಿಯನ್ನು ಗೂಡಿನಿಂದ ತೆಗೆದು, ದೊಡ್ಡ ರಟ್ಟಿನ ಪೆಟ್ಟಿಗೆಯಲ್ಲಿ ಹಳೆಯ ಟವೆಲ್ ಹಾಸಿ, ಗಾಳಿ ಬೀಸದ ಕೋಣೆಯಲ್ಲಿಡಿ. ಹಿಂದೆ ನಲವತ್ತು ವ್ಯಾಟಿನ ಬಲ್ಬನ್ನು ಇಳಿಬಿಟ್ಟರೆ ಸಾಕಾಗುತ್ತಿತ್ತು, ಈಗಿನ ಎಲ್‌ಇಡಿ ಬಲ್ಬಿನಿಂದ ಬೆಳಕಷ್ಟೇ ಬರುತ್ತದೆ, ಶಾಖ ಬರುವುದಿಲ್ಲ. ಬಿಸಿನೀರಿನ ರಬ್ಬರ್ ಚೀಲವನ್ನು ದಪ್ಪ ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಯ ಒಂದೇ ಬದಿಗಿಟ್ಟು, ಮೂರು ಗಂಟೆಗೊಮ್ಮೆ ನೀರು ಬದಲಿಸಿ. ಬೆಚ್ಚಗಿನ ಬದಿಯಲ್ಲಿ ಮೂವತ್ತು ಡಿಗ್ರಿಯಷ್ಟಿದ್ದರೆ ಸಾಕು. ಇನ್ನೊಂದು ಬದಿ ತಣ್ಣಗಿರಲಿ, ಬೇಕಾದ ಕಡೆಗೆ ಅದೇ ಸರಿಯುತ್ತದೆ. ಕೊಕ್ಕು ತೆರೆದು ಏದುತ್ತ ರೆಕ್ಕೆಗಳನ್ನು ಮೈಯಿಂದ ದೂರ ಹಿಡಿದರೆ ಸೆಕೆ ಹೆಚ್ಚಾಯಿತೆಂದು ತಿಳಿಯಬೇಕು.

ನೀರಿಗೆ ಔಷಧದಂಗಡಿಯ ಒಆರ್‌ಎಸ್ ಪುಡಿ ಆಗುತ್ತದೆ. ತಾನಾಗಿ ಕುಡಿಯುತ್ತಿರುವುದರಿಂದ ಬಟ್ಟಲನ್ನು ಕೊಕ್ಕಿಗೆ ನಿಲುಕುವ ಎತ್ತರದಲ್ಲಿಟ್ಟರೆ ಸಾಕು. ಕುಡಿಯುವುದನ್ನು ನಿಲ್ಲಿಸಿದರೆ ಮಾತ್ರ, ಸೂಜಿಯಿಲ್ಲದ ಸಿರಿಂಜಿನಿಂದ ಕೊಕ್ಕಿನ ಪಕ್ಕದ ಅಂಚಿಗೆ ಒಂದೊಂದೇ ಹನಿ ಬಿಟ್ಟು, ಅದು ನುಂಗಿದ ಮೇಲೆ ಮುಂದಿನ ಹನಿ ಬಿಡಿ. ಕೋಳಿಯ ಶ್ವಾಸನಾಳದ ಬಾಯಿ ನಾಲಿಗೆಯ ಬುಡದಲ್ಲೇ ತೆರೆದುಕೊಂಡಿರುತ್ತದೆ. ಕೊಕ್ಕು ಅಗಲಿಸಿ ಸುರಿದರೆ ನೀರು ನೇರವಾಗಿ ಎದೆಗೆ ಇಳಿಯುತ್ತದೆ. ಹರಳೆಣ್ಣೆಯ ಮಾತನ್ನು ಮರೆತುಬಿಡಿ, ನೀರಾದರೂ ಕೆಮ್ಮಿದರೆ ಹೊರಬಂದೀತು, ಎಣ್ಣೆ ಬರುವುದಿಲ್ಲ.

ನಾಳೆ ಬೆಳಿಗ್ಗೆ ಏನನ್ನೂ ಕೊಡುವ ಮೊದಲು ಕೊರಳಿನ ಬುಡದಲ್ಲಿ, ಎದೆಯ ಬಲಬದಿಗಿರುವ ಮೇವಿನ ಚೀಲವನ್ನು ಮುಟ್ಟಿ ನೋಡಿ. ರಾತ್ರಿ ಕಳೆದ ಮೇಲೆ ಅದು ಖಾಲಿಯಾಗಿರಬೇಕು. ನಾದಿದ ಹಿಟ್ಟಿನಂತೆ ಗಟ್ಟಿಯಾಗಿದ್ದರೆ ಹುಲ್ಲು, ನಾರು ಕಟ್ಟಿಕೊಂಡಿರಬಹುದು. ಪುಗ್ಗೆಯಂತೆ ಮೆತ್ತಗಿದ್ದು ಕೊಕ್ಕಿನಿಂದ ಹುಳಿ ವಾಸನೆ ಬಂದರೆ ಒಳಗೆ ಬೂಷ್ಟು ಬೆಳೆದಿದೆಯೆಂದು ಅರ್ಥ. ಇವೆರಡರಲ್ಲಿ ಯಾವುದಿದ್ದರೂ ಮೇಲಿನಿಂದ ತುಂಬುವುದು ಅಪಾಯ. ತಲೆಕೆಳಗು ಮಾಡಿ ಖಾಲಿ ಮಾಡುವ ಪದ್ಧತಿಯನ್ನು ಕೆಲವರು ಹೇಳಿಯಾರು, ಉಸಿರು ಕಟ್ಟಿ ಸಾಯುವುದು ಹಾಗೆಯೇ. ಚೀಲ ಖಾಲಿಯಿದ್ದರೆ ಬೇಯಿಸಿದ ತತ್ತಿಯ ಹಳದಿಯನ್ನು ನೀರಲ್ಲಿ ಕದಡಿ, ಇಲ್ಲವೇ ತೆಳುವಾದ ರಾಗಿ ಅಂಬಲಿಯನ್ನು, ಒಂದೆರಡು ಚಮಚದಂತೆ ಮುಂದಿಡಿ. ಹಾಲು ಬೇಡ, ಹಕ್ಕಿಗಳಿಗೆ ಅದು ಅರಗುವುದಿಲ್ಲ.

ತೂಕದ ವಿಚಾರದಲ್ಲಿ ತಕ್ಕಡಿ ನಿಮಗೆ ಸುಳ್ಳು ಹೇಳುತ್ತಿದೆ. ಎದೆಯ ನಡುಮೂಳೆಯ ಎರಡೂ ಬದಿಯನ್ನು ಬೆರಳಿನಿಂದ ಒತ್ತಿ ನೋಡಿ. ಮಾಂಸ ಕರಗಿ ಮೂಳೆ ಕತ್ತಿಯ ಅಲಗಿನಂತೆ ಸಿಕ್ಕಿದರೆ, ಮೈ ಸವೆದದ್ದನ್ನು ಹೊಟ್ಟೆಯೊಳಗಿನ ನೀರು ತೂಗಿ ಸರಿಮಾಡಿದೆ ಎಂದಾಯಿತು. ಹಿಂಭಾಗವನ್ನು ಬೆಚ್ಚನೆಯ ನೀರಿನಲ್ಲಿ ತೊಳೆದು ಪೂರ್ತಿ ಒಣಗಿಸುವುದನ್ನು ಮಾತ್ರ ನಾಳೆಗೆ ಮುಂದೂಡಬೇಡಿ. ಅಲ್ಲಿ ನೊಣ ಮೊಟ್ಟೆಯಿಟ್ಟರೆ ಒಂದೇ ದಿನದಲ್ಲಿ ಹುಳು ಬೀಳುತ್ತದೆ.

ನಿವೃತ್ತ ಪಶುವೈದ್ಯ, ಮುಲುಂಡ್ (ಮುಂಬಯಿ) – ಜನವರಿ 10, ಬೆಳಿಗ್ಗೆ 6:50

ಫೋಂಡಾದವರು ಹೇಳಿದ ಅನುಕ್ರಮಕ್ಕೆ ನಾನು ಸೇರಿಸುವುದೇನೂ ಇಲ್ಲ. ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ಓದಿ ಮೂರು ದಶಕ ಮಹಾರಾಷ್ಟ್ರದಲ್ಲಿ ಕೆಲಸ ಮಾಡಿದವನಾಗಿ ರೋಗದ ಬಗ್ಗೆ ಬರೆಯುತ್ತೇನೆ. ನೋಡದೆ ನಿರ್ಣಯ ಹೇಳುವುದು ಸರಿಯಲ್ಲವಾದ್ದರಿಂದ ಇದನ್ನು ನೀವು ಕಾಣಲಿರುವ ವೈದ್ಯರೊಡನೆ ಮಾತನಾಡುವುದಕ್ಕೆ ಸಿದ್ಧತೆಯೆಂದು ಓದಿಕೊಳ್ಳಿ.

ಹೇಂಟೆಯಲ್ಲಿ ಸಾಮಾನ್ಯವಾಗಿ ಎಡಗಡೆಯ ಅಂಡಾಶಯ ಮತ್ತು ಎಡಗಡೆಯ ಅಂಡನಾಳ ಮಾತ್ರ ಬೆಳೆದು ಕೆಲಸ ಮಾಡುತ್ತವೆ. ಕಾಡಿನಲ್ಲಿರುವ ಇವುಗಳ ಮೂಲ ಹಕ್ಕಿ ವರ್ಷಕ್ಕೆ ಕೆಲವೇ ಮೊಟ್ಟೆಗಳನ್ನಿಟ್ಟು ಕಾವಿಗೆ ಕೂರುತ್ತದೆ, ಫಾರಂ ತಳಿಯ ಹೇಂಟೆ ವರ್ಷಕ್ಕೆ ಮುನ್ನೂರರಷ್ಟು ಇಡುತ್ತದೆ. ಒಂದು ಮೊಟ್ಟೆ ರೂಪುಗೊಳ್ಳಲು ಸುಮಾರು 25 ಗಂಟೆ ಬೇಕು, ಅದರಲ್ಲಿ 20 ಗಂಟೆಯಷ್ಟು ಚಿಪ್ಪಿಗೇ ಹೋಗುತ್ತದೆ, ಪ್ರತಿ ಚಿಪ್ಪಿಗೂ ಸುಮಾರು ಎರಡು ಗ್ರಾಂ ಕ್ಯಾಲ್ಸಿಯಂ ಖರ್ಚಾಗುತ್ತದೆ. ಉದ್ಯಮದಲ್ಲಿ ಇವುಗಳನ್ನು ಒಂದೂವರೆ ವರ್ಷ ದಾಟುತ್ತಿದ್ದಂತೆ ತೆಗೆದುಹಾಕುವುದರಿಂದ ಆ ದುಡಿಮೆಯ ಪರಿಣಾಮ ಅಲ್ಲಿ ಯಾರ ಕಣ್ಣಿಗೂ ಬೀಳುವುದಿಲ್ಲ. ಅದು ಕಾಣಿಸುವುದು ನಿಮ್ಮಂತೆ ಆರು ವರ್ಷ ಸಾಕಿದವರ ಹಿತ್ತಲಲ್ಲಿ. ಜವಾರಿ ಹೇಂಟೆಗಳಲ್ಲಿ ಈ ಬಾಧೆ ಕಡಿಮೆ.

ನೀವು ಬರೆದ ಲಕ್ಷಣಗಳಿಗೆ ನನ್ನ ಮನಸ್ಸಿಗೆ ಬರುವ ಕಾರಣಗಳು ಮುಖ್ಯವಾಗಿ ಮೂರು. ಮೊಟ್ಟೆ ಒಳಗೇ ಸಿಕ್ಕಿಕೊಂಡಿರುವುದು ಮೊದಲನೆಯದು. ಅಂಥ ಕೋಳಿ ತಿಣುಕುತ್ತದೆ, ಬಾಲ ಉಸಿರಿನೊಡನೆ ಮೇಲೆ ಕೆಳಗೆ ಆಡುತ್ತದೆ, ಹಿಂಭಾಗದಲ್ಲಿ ಗಟ್ಟಿಯಾದ ಗುಂಡು ಕೈಗೆ ಸಿಗುತ್ತದೆ. ಬೆಚ್ಚಗಿನ ನೀರಿನಲ್ಲಿ ಇಪ್ಪತ್ತು ನಿಮಿಷ ಕೂರಿಸುವುದು, ಕ್ಯಾಲ್ಸಿಯಂ ಕೊಡುವುದು ಇದಕ್ಕೆ ಉಪಾಯ, ಆದರೆ ಒಂದೆರಡು ದಿನಗಳಲ್ಲಿ ಬಿಡುಗಡೆಯಾಗದಿದ್ದರೆ ಕೋಳಿ ಉಳಿಯುವುದು ಕಷ್ಟ. ಗೌರಿ ಎರಡು ತಿಂಗಳಿಂದ ಮೊಟ್ಟೆಯಿಟ್ಟಿಲ್ಲ, ಹೊಟ್ಟೆ ಮೆತ್ತಗಿದೆ, ನಾಲ್ಕು ದಿನ ಕಳೆದಿವೆ. ಆದ್ದರಿಂದ ಈ ಸಾಧ್ಯತೆಯನ್ನು ನಾನು ಹಿಂದಕ್ಕಿಡುತ್ತೇನೆ. ಎರಡನೆಯದು, ಹಳದಿಯ ಗುಂಡು ಅಂಡನಾಳಕ್ಕೆ ಇಳಿಯದೆ ಹೊಟ್ಟೆಯೊಳಗೆ ಜಾರಿ, ಅಲ್ಲಿ ಬ್ಯಾಕ್ಟೀರಿಯಾ, ಹೆಚ್ಚಾಗಿ ಇ. ಕೋಲಿ, ಸೇರಿಕೊಂಡು ಉರಿಯೂತವಾಗುವುದು. ಚಿಪ್ಪಿಲ್ಲದ ಮೊಟ್ಟೆ ಇಂಥ ತೊಂದರೆಯ ಮುನ್ಸೂಚನೆಯಾಗಿರುವುದುಂಟು. ಮೂರನೆಯದು ಅಂಡಾಶಯದ ಕ್ಯಾನ್ಸರ್. ಮೂರು ನಾಲ್ಕು ವರ್ಷ ದಾಟಿದ ಹೇಂಟೆಗಳಲ್ಲಿ ಇದು ತಾನಾಗಿಯೇ ಎಷ್ಟು ಸಾಮಾನ್ಯವಾಗಿ ಹುಟ್ಟುತ್ತದೆಂದರೆ, ಹೆಂಗಸರ ಅಂಡಾಶಯದ ಕ್ಯಾನ್ಸರನ್ನು ಅಭ್ಯಾಸ ಮಾಡುವ ಸಂಶೋಧಕರು ಕೋಳಿಯನ್ನೇ ಮಾದರಿಯಾಗಿ ಬಳಸುತ್ತಾರೆ. ಯಕೃತ್ತು ಅಥವಾ ಹೃದಯ ಸೋತಾಗಲೂ ಹೊಟ್ಟೆಯಲ್ಲಿ ನೀರು ತುಂಬುವುದುಂಟು.

ಎರಡನೆಯದನ್ನೂ ಮೂರನೆಯದನ್ನೂ ಹೊರಗಿನಿಂದ ನೋಡಿ ಬೇರ್ಪಡಿಸಲು ನನ್ನಿಂದಲೂ ಆಗುವುದಿಲ್ಲ. ಸೂಜಿಯಿಂದ ಸ್ವಲ್ಪ ನೀರು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಬೇಕು, ಸಾಧ್ಯವಿದ್ದರೆ ಅಲ್ಟ್ರಾಸೌಂಡ್ ಮಾಡಿಸಬೇಕು. ಆ ನೀರನ್ನು ನಿಧಾನವಾಗಿ ಹೊರತೆಗೆದರೆ ಉಸಿರಾಟ ಕೂಡಲೇ ಹಗುರವಾಗುತ್ತದೆ. ಅಂಗಡಿಯಿಂದ ಆಂಟಿಬಯಾಟಿಕ್ ತಂದು ನೀರಿಗೆ ಬೆರೆಸುವುದನ್ನು ದಯವಿಟ್ಟು ಮಾಡಬೇಡಿ. ಸೋಂಕಿಲ್ಲದಿದ್ದರೆ ಅದು ವ್ಯರ್ಥ, ಇದ್ದರೆ ಪ್ರಮಾಣ ತಪ್ಪುತ್ತದೆ, ಜೊತೆಗೆ ಆ ನೀರು ಕುಡಿದ ಉಳಿದ ಹೇಂಟೆಗಳ ಮೊಟ್ಟೆಯನ್ನೂ ನೀವು ತಿನ್ನುವಂತಿಲ್ಲ. ನೋವಿಗೆ ಹಕ್ಕಿಗಳಲ್ಲಿ ಬಳಸುವ ಔಷಧ ಮೆಲಾಕ್ಸಿಕ್ಯಾಮ್, ಅದರ ಪ್ರಮಾಣವನ್ನು ವೈದ್ಯರೇ ಹೇಳಬೇಕು. ಮನೆಯಲ್ಲಿರುವ ನೋವಿನ ಮಾತ್ರೆ ಡೈಕ್ಲೊಫಿನ್ಯಾಕನ್ನು ಚೂರು ಮಾಡಿ ಕೊಡುವ ಯೋಚನೆಯೂ ಬೇಡ. ಅದನ್ನು ಕೊಟ್ಟ ದನಗಳ ಹೆಣ ತಿಂದ ರಣಹದ್ದುಗಳನ್ನು ಕೊಂದದ್ದು ಅದೇ, ಪಶುಗಳಿಗೆ ಅದನ್ನು ಬಳಸುವುದನ್ನು ನಮ್ಮ ದೇಶದಲ್ಲಿ 2006ರಲ್ಲೇ ನಿಷೇಧಿಸಲಾಯಿತು.

ವೈದ್ಯರನ್ನು ಹುಡುಕುವಾಗ ಕೋಳಿ ನೋಡುತ್ತೀರಾ ಎಂದು ಕೇಳದೆ, ಹಕ್ಕಿಗಳನ್ನು ನೋಡುತ್ತೀರಾ ಎಂದು ಕೇಳಿ. ಗಿಣಿ, ಲವ್‌ಬರ್ಡ್ ನೋಡುವವರು ಪುಣೆಯಲ್ಲಿ ಸಿಗುತ್ತಾರೆ, ಅವರಿಗೆ ಈ ಸೂಜಿಯ ಕೆಲಸ ಗೊತ್ತಿರುತ್ತದೆ. ಔಂಧ್‌ನಲ್ಲಿ ಸರ್ಕಾರಿ ಪಶುವೈದ್ಯಕೀಯ ಆಸ್ಪತ್ರೆಯೂ ರೋಗ ಪತ್ತೆ ಪ್ರಯೋಗಾಲಯವೂ ಇವೆ.

ಇನ್ನು ಸಾಕಾಗಿದೆ ಎಂಬುದರ ಗುರುತು. ಕೋಳಿ ಬೇಟೆಗೊಳಗಾಗುವ ಪ್ರಾಣಿಯಾದ್ದರಿಂದ ನೋವನ್ನು ಬಚ್ಚಿಡುತ್ತದೆ. ಹಾಗಾಗಿ ನೋವಿನ ಚಿಹ್ನೆಗಾಗಿ ಕಾಯದೆ, ಅದು ಮಾಡುವುದನ್ನು ನಿಲ್ಲಿಸಿದ ಕೆಲಸಗಳನ್ನು ಎಣಿಸಿ: ತಾನಾಗಿ ತಿನ್ನುತ್ತದೆಯೇ, ಗರಿ ತಿದ್ದಿಕೊಳ್ಳುತ್ತದೆಯೇ, ಮಣ್ಣಿನಲ್ಲಿ ಹೊರಳುತ್ತದೆಯೇ, ಜೊತೆಯವುಗಳ ಕಡೆ ನೋಡುತ್ತದೆಯೇ. ದಿನವೂ ಬರೆದಿಡಿ. ಇವೆಲ್ಲ ನಿಂತು, ಗರಿ ಉಬ್ಬಿಸಿ, ಕಣ್ಣು ಅರೆಮುಚ್ಚಿ, ಕತ್ತು ಒಳಗೆಳೆದು ಕೂತ ದಿನಗಳು ಎರಡು ಮೂರು ಸಾಲಾಗಿ ಬಂದರೆ, ಅದನ್ನು ಉಳಿಸುತ್ತಿರುವುದು ನಿಮಗಾಗಿ, ಅದಕ್ಕಾಗಿ ಅಲ್ಲ.

ವಾರ್ಜೆ ಕಟ್ಟೆ (ಪುಣೆ) – ಜನವರಿ 10, ಮಧ್ಯಾಹ್ನ 1:15

ಯಾರ ಮನಸ್ಸನ್ನೂ ನೋಯಿಸಲು ಹೇಳುತ್ತಿಲ್ಲ. ನಮ್ಮ ಊರಿನಲ್ಲಿ ಇಂಥ ಕೋಳಿಯನ್ನು ಆ ದಿನವೇ ಕೊಯ್ದು ಸಾರು ಮಾಡುತ್ತಿದ್ದರು, ಅದೂ ಒಂದು ಬಗೆಯ ದಯೆಯೇ ಆಗಿತ್ತೆಂದು ನನಗೆ ಈಗಲೂ ಅನ್ನಿಸುತ್ತದೆ. ಮುನ್ನೂರು ರೂಪಾಯಿಯ ಹಕ್ಕಿಗೆ ಸಾವಿರಾರು ಖರ್ಚು ಮಾಡಿ ಅದರ ಸಂಕಟವನ್ನು ಹತ್ತು ದಿನ ಬೆಳೆಸುವುದರಲ್ಲಿ ಅರ್ಥವಿದೆಯೇ? ಇನ್ನೊಂದು ಸಂಶಯ, ಇದು ಹಕ್ಕಿಜ್ವರವೂ ಇರಬಹುದಲ್ಲ, ಅದರ ಮಾತನ್ನೇ ಯಾರೂ ಎತ್ತಿಲ್ಲವೇಕೆ?

ನಿವೃತ್ತ ಪಶುವೈದ್ಯ, ಮುಲುಂಡ್ (ಮುಂಬಯಿ) – ಜನವರಿ 10, ಮಧ್ಯಾಹ್ನ 3:05

ಸಂಶಯ ಸರಿಯಾಗಿಯೇ ಇದೆ. ಭಾರತದಲ್ಲಿ ಹಕ್ಕಿಜ್ವರ ಮೊದಲು ಪತ್ತೆಯಾದದ್ದು 2006ರಲ್ಲಿ ಮಹಾರಾಷ್ಟ್ರದ್ದೇ ಆದ ನವಾಪುರದಲ್ಲಿ, 2021ರಲ್ಲಿ ಪರಭಣಿಯಲ್ಲೂ ಕಾಣಿಸಿಕೊಂಡಿತು. ಆದರೆ ಅದಾಗಲಿ ಕೋಳಿಗಳಲ್ಲಿ ಬೇಗ ಹರಡುವ ರಾಣಿಖೇತ್ ರೋಗವಾಗಲಿ ಬಂದರೆ ಒಂದೇ ಹಕ್ಕಿಯನ್ನು ಹಿಡಿದು ನಿಲ್ಲುವುದು ಅಪರೂಪ, ದಿನಗಳ ಅಂತರದಲ್ಲಿ ಗುಂಪೇ ಬೀಳುತ್ತದೆ. ಎರಡು ತಿಂಗಳಿಂದ ಮೊಟ್ಟೆ ನಿಂತು ನಿಧಾನವಾಗಿ ಹೊಟ್ಟೆ ಉಬ್ಬಿದ್ದು ಆ ರೋಗಗಳ ನಡೆಯಲ್ಲ. ಉಳಿದೆರಡರಲ್ಲಿ ಒಂದು ಇದ್ದಕ್ಕಿದ್ದಂತೆ ಸತ್ತರೆ ಮಾತ್ರ ಮುಟ್ಟದೆ ಪಶುಸಂಗೋಪನಾ ಇಲಾಖೆಗೆ ತಿಳಿಸಬೇಕು. ಹಕ್ಕಿಜ್ವರವಿಲ್ಲದಿದ್ದರೂ ಕೋಳಿಯ ಹಿಕ್ಕೆಯಲ್ಲಿ ಮನುಷ್ಯರ ಹೊಟ್ಟೆ ಕೆಡಿಸುವ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಇರಬಹುದು. ಪೆಟ್ಟಿಗೆಯನ್ನು ಅಡುಗೆಮನೆಯಲ್ಲಿಡಬಾರದು, ಅದರ ಪಕ್ಕ ಕೂರುವ ಹಿರಿಯರು ಸಾಬೂನಿನಿಂದ ಕೈ ತೊಳೆದೇ ಊಟಕ್ಕೇಳಬೇಕು. ಅಡುಗೆಮನೆಯ ತಕ್ಕಡಿಯ ಬಗ್ಗೆಯೂ ಇದೇ ಮಾತು.

ಕೊಯ್ಯುವುದು ದಯೆಯೇ ಎಂಬ ಪ್ರಶ್ನೆಗೆ ನನ್ನ ಉತ್ತರ ನಿಮಗೆ ಅಚ್ಚರಿಯೆನಿಸಬಹುದು. ಪಳಗಿದ ಕೈ ಕ್ಷಣದಲ್ಲಿ ಮುಗಿಸಿದರೆ ಅದು ಕ್ರೌರ್ಯವಲ್ಲ. ಆದರೆ ಹೊಟ್ಟೆಯಲ್ಲಿ ಕೀವೋ ಗಡ್ಡೆಯೋ ಇರುವ ಹಕ್ಕಿಯನ್ನು ತಿನ್ನಬಾರದು. ಖರ್ಚಿನ ಮಿತಿಯನ್ನು ಆ ಮನೆಯವರು ತೀರ್ಮಾನಿಸಲಿ, ಮೊದಲ ಭೇಟಿಯಲ್ಲೇ ವೈದ್ಯರಿಗೆ ಆ ಮಿತಿಯನ್ನು ನೇರವಾಗಿ ತಿಳಿಸುವುದರಲ್ಲಿ ಸಂಕೋಚಪಡಬೇಕಾದುದೇನೂ ಇಲ್ಲ.

ಹಿತ್ತಲಮನೆ, ಧಾಯರಿ (ಪುಣೆ) – ಜನವರಿ 12, ರಾತ್ರಿ 9:30

ಎಲ್ಲರಿಗೂ ಧನ್ಯವಾದ. ಗಿಣಿಗಳನ್ನು ನೋಡುವ ಒಬ್ಬ ವೈದ್ಯೆ ನಿನ್ನೆ ಗೌರಿಯನ್ನು ನೋಡಿದರು. ಎದೆಯ ಮೂಳೆ ಫೋಂಡಾದವರು ಬರೆದಂತೆಯೇ ಅಲಗಿನ ಹಾಗೆ ಚೂಪಾಗಿತ್ತು. ಹೊಟ್ಟೆಯಿಂದ ಒಣಹುಲ್ಲಿನ ಬಣ್ಣದ ನೀರನ್ನು ಅರ್ಧ ಗಂಟೆ ಹಿಡಿದು ನಿಧಾನವಾಗಿ ತೆಗೆದರು, ಇನ್ನೂರೈವತ್ತು ಮಿಲಿಲೀಟರಿನಷ್ಟು ಬಂತು. ಎಲ್ಲವನ್ನೂ ಒಮ್ಮೆಗೇ ತೆಗೆದರೆ ರಕ್ತದೊತ್ತಡ ಕುಸಿಯುತ್ತದೆಂದು ಸ್ವಲ್ಪ ಬಿಟ್ಟರು. ನೀರಿನಲ್ಲಿ ಕಂಡ ಜೀವಕೋಶಗಳು ಗಡ್ಡೆಯ ಕಡೆಗೆ ಬೊಟ್ಟು ಮಾಡುತ್ತವೆ, ಆದರೆ ಸೋಂಕೂ ಸೇರಿರಬಹುದೆಂದು ಒಂದು ವಾರದ ಔಷಧ ಮತ್ತು ನೋವಿಗೆ ಮೆಲಾಕ್ಸಿಕ್ಯಾಮ್ ಹನಿಗಳನ್ನು ಕೊಟ್ಟಿದ್ದಾರೆ. ಮನೆಗೆ ಬಂದ ಎರಡು ಗಂಟೆಯೊಳಗೆ ಅಂಬಲಿ ಕುಡಿಯಿತು. ಇಂದು ಅತ್ತೆಯವರ ಕೈಯಿಂದ ಕಲ್ಲಂಗಡಿ ಕುಕ್ಕಿತು.

ಒಂದು ಸಣ್ಣ ಪ್ರಶ್ನೆ. ಅದು ಪೆಟ್ಟಿಗೆಯಲ್ಲಿ ಒಂಟಿಯಾಗಿ ಕೂಗುತ್ತದೆ. ಜೊತೆಯವುಗಳ ಬಳಿ ಬಿಡಬಹುದೇ?

ಬೆಳಚು, ಫೋಂಡಾ (ಗೋವೆ) – ಜನವರಿ 13, ಬೆಳಿಗ್ಗೆ 7:10

ನೇರವಾಗಿ ಬಿಡಬೇಡಿ, ಬಲಹೀನವಾದದ್ದನ್ನು ಕಂಡರೆ ಗೆಳತಿಯರೇ ಕುಕ್ಕಿ ಗಾಯ ಮಾಡುತ್ತಾರೆ, ಈ ವಿಷಯದಲ್ಲಿ ಕೋಳಿಗಳಿಗೆ ದಾಕ್ಷಿಣ್ಯವಿಲ್ಲ. ಬೆಳಗಿನ ಬಿಸಿಲಿನಲ್ಲಿ ತಂತಿಯ ಬಲೆಯ ಈಚೆ ಅದು, ಆಚೆ ಅವು ಇರುವಂತೆ ಒಂದು ಗಂಟೆ ಬಿಡಿ. ಕಣ್ಣಿಗೆ ಕಾಣುತ್ತಿದ್ದರೆ ಕೂಗು ನಿಲ್ಲುತ್ತದೆ, ವಾಸಿಯಾದಲ್ಲಿ ಗುಂಪಿಗೆ ಮರಳಿ ಸೇರಿಸುವುದೂ ಸುಲಭ.

ಹಿತ್ತಲಮನೆ, ಧಾಯರಿ (ಪುಣೆ) – ಜನವರಿ 29, ರಾತ್ರಿ 8:20

ತಡವಾಗಿ ಬರೆಯುತ್ತಿದ್ದೇನೆ. ನೀರು ತೆಗೆದ ಮೇಲೆ ಗೌರಿಗೆ ಒಂಬತ್ತು ಒಳ್ಳೆಯ ದಿನಗಳು ಸಿಕ್ಕಿದವು. ಬಲೆಯ ಈಚೆ ಬಿಸಿಲಿನಲ್ಲಿ ಮಣ್ಣಾಡಿತು, ಒಂದು ದಿನ ಎರೆಹುಳುವಿಗಾಗಿ ದಾಸವಾಳದ ಬುಡವನ್ನೇ ಕೆದರಿ ಹಾಳು ಮಾಡಿತು, ಅತ್ತೆಯವರು ಗದರಲಿಲ್ಲ. ಹತ್ತನೆಯ ದಿನಕ್ಕೆ ಹೊಟ್ಟೆ ಮತ್ತೆ ತುಂಬಿತು. ಎರಡನೆಯ ಬಾರಿ ತೆಗೆದಾಗ ನೀರಿನಲ್ಲಿ ರಕ್ತದ ಛಾಯೆಯಿತ್ತು, ಹಗುರವಾದದ್ದು ಎರಡೇ ದಿನ. ಡಾಕ್ಟರ್ ಸಾಹೇಬರು ಹೇಳಿದಂತೆ ಬರೆದಿಡುತ್ತಿದ್ದ ಪಟ್ಟಿಯಲ್ಲಿ ಸೋಮವಾರದಿಂದ ಒಂದು ಗುರುತೂ ಬೀಳಲಿಲ್ಲ. ನಿರ್ಧಾರವನ್ನು ನಾನು ತೆಗೆದುಕೊಳ್ಳಬೇಕಾದೀತೆಂದು ಅಂಜಿದ್ದೆ, ಆದರೆ ಬುಧವಾರ ಬೆಳಿಗ್ಗೆ ಆ ಪಟ್ಟಿಯನ್ನು ಕೈಗೆತ್ತಿಕೊಂಡು, ಇನ್ನು ಬೇಡ, ಕರೆದುಕೊಂಡು ಹೋಗೋಣ ಎಂದವರು ಅತ್ತೆಯವರೇ. ವೈದ್ಯೆ ಮೊದಲು ಅರಿವಳಿಕೆಯ ಗಾಳಿ ಕೊಟ್ಟು ನಿದ್ದೆ ಬರಿಸಿ, ನಂತರ ಚುಚ್ಚುಮದ್ದು ಕೊಟ್ಟರು. ಅತ್ತೆಯವರ ಮಡಿಲಲ್ಲೇ ಇತ್ತು.

ಉಳಿದೆರಡಕ್ಕೆ ಅಪಾಯವಿದೆಯೇ ಎಂದು ಖಚಿತಪಡಿಸಿಕೊಳ್ಳಲು ದೇಹವನ್ನು ಮಂಜುಗಡ್ಡೆಯ ನಡುವೆ ಇಟ್ಟು ಅದೇ ದಿನ ಔಂಧ್‌ನ ಪ್ರಯೋಗಾಲಯಕ್ಕೆ ಒಯ್ದೆವು. ಫ್ರೀಜರಿನಲ್ಲಿಡಬಾರದೆಂದೂ, ಹೆಪ್ಪುಗಟ್ಟಿದರೆ ಒಳಗಿನ ಅಂಗಾಂಶ ಪರೀಕ್ಷೆಗೆ ಕೆಡುತ್ತದೆಂದೂ ವೈದ್ಯೆ ಎಚ್ಚರಿಸಿದ್ದರು. ಅಂಡಾಶಯದ ತುಂಬ ಗಡ್ಡೆಗಳಿದ್ದು ಕರುಳಿನ ಮೇಲೆಲ್ಲ ಕಾಳು ಚೆಲ್ಲಿದಂತೆ ಹರಡಿದ್ದವೆಂದೂ, ಅಂಟುವ ರೋಗದ ಗುರುತಿಲ್ಲವೆಂದೂ ಪ್ರಯೋಗಾಲಯದವರು ಬಾಯಿಮಾತಿನಲ್ಲಿ ತಿಳಿಸಿದರು. ವಾರ್ಜೆಯವರೇ, ನಿಮ್ಮ ಪ್ರಶ್ನೆಯನ್ನು ನಾನು ಆಗಾಗ ನೆನೆದೆ. ಖರ್ಚಾದದ್ದು ನಿಜ. ಒಂಬತ್ತು ದಿನಗಳಿಗೆ ಅದು ಸಲ್ಲುತ್ತದೆಂದು ನಮ್ಮ ಮನೆಯಲ್ಲಿ ಅನ್ನಿಸಿತು, ಎರಡನೆಯ ಬಾರಿ ನೀರು ತೆಗೆಸಿದ್ದು ಮಾತ್ರ ಬೇಡವಾಗಿತ್ತೇನೋ.

ಜವಾರಿ ಹೇಂಟೆಗಳಿಗೂ ಐದು ವರ್ಷವಾಗುತ್ತ ಬಂತು, ತತ್ತಿ ಅಪರೂಪ. ಅವಕ್ಕೂ ಗೌರಿಗೆ ಹಾಕುತ್ತಿದ್ದ, ತತ್ತಿಯಿಡುವ ಕೋಳಿಗೆಂದು ಮಾರುವ ಲೇಯರ್ ಮೇವನ್ನೇ ಮುಂದುವರಿಸಬಹುದೇ?

ನಿವೃತ್ತ ಪಶುವೈದ್ಯ, ಮುಲುಂಡ್ (ಮುಂಬಯಿ) – ಜನವರಿ 30, ಬೆಳಿಗ್ಗೆ 6:30

ಅತ್ತೆಯವರಿಗೆ ನನ್ನ ನಮಸ್ಕಾರ ತಿಳಿಸಿ. ಲೇಯರ್ ಮೇವನ್ನು ನಿಲ್ಲಿಸಿ. ಅದರಲ್ಲಿ ಶೇಕಡಾ ಮೂರೂವರೆಯಿಂದ ನಾಲ್ಕರಷ್ಟು ಕ್ಯಾಲ್ಸಿಯಂ ಇರುತ್ತದೆ. ಚಿಪ್ಪು ಕಟ್ಟದ ಕೋಳಿಯಲ್ಲಿ ಅಷ್ಟೂ ಮೂತ್ರಪಿಂಡದ ಮೇಲೆ ಬೀಳುತ್ತದೆ. ಬೆಳೆಯುವ ಕೋಳಿಗೆಂದು ಮಾರುವ ಗ್ರೋವರ್ ಮೇವಿನಲ್ಲಿ ಅದು ಶೇಕಡಾ ಒಂದರ ಆಸುಪಾಸಿನಲ್ಲಿರುತ್ತದೆ, ಅದನ್ನು ಹಾಕಿ.

ಬೆಳಚು, ಫೋಂಡಾ (ಗೋವೆ) – ಜನವರಿ 30, ಬೆಳಿಗ್ಗೆ 8:00

ಜೊತೆಗೆ ಚಿಪ್ಪಿನ ನುಚ್ಚನ್ನು ಬೇರೆ ಬಟ್ಟಲಿನಲ್ಲಿಡಿ, ಮೇವಿಗೆ ಬೆರೆಸಬೇಡಿ. ತತ್ತಿಯಿಡುವ ಹೇಂಟೆ ತನಗೆ ಬೇಕಾದಷ್ಟನ್ನು ಹೆಕ್ಕಿಕೊಳ್ಳುತ್ತದೆ, ಇಡದದ್ದು ಅತ್ತ ಹೆಚ್ಚು ಸುಳಿಯುವುದಿಲ್ಲ. ನಾನು ಮೀನು ಮಾರುಕಟ್ಟೆಯಿಂದ ತಂದ ಬೆಳಚಿನ ಚಿಪ್ಪನ್ನು ಬಿಸಿಲಿನಲ್ಲಿ ಒಣಗಿಸಿ, ಗೋಧಿಕಾಳಿನಷ್ಟು ಗಾತ್ರಕ್ಕೆ ಕುಟ್ಟುತ್ತೇನೆ, ಇಲ್ಲಿ ಬೆಳಚಿಗೆ ತಿಸ್ರ್ಯೊ ಎನ್ನುತ್ತಾರೆ. ಧಾಯರಿಯಲ್ಲಿ ಅದು ಸಿಗದಿದ್ದರೆ ಮನೆಯ ತತ್ತಿಯ ಚಿಪ್ಪುಗಳನ್ನೇ ಬೇಯಿಸಿ, ಒಣಗಿಸಿ, ತತ್ತಿಯ ಆಕಾರ ಉಳಿಯದಂತೆ ಪುಡಿ ಮಾಡಿ ಇಡಿ. ಆಕಾರ ಉಳಿದರೆ ಗೂಡಿನಲ್ಲಿಟ್ಟ ತತ್ತಿಯನ್ನೇ ಒಡೆದು ತಿನ್ನಲು ಕಲಿಯುತ್ತವೆ.